ರೈಜನ್ 5 7600 ಸುತ್ತ ಕಟ್ಟಿಸಿದ ಎಡಿಟಿಂಗ್ ಪಿಸಿ ಹೇಗಿದೆ?

ಹಾಸನದಲ್ಲಿ ನಮ್ಮದೊಂದು ಸಣ್ಣ ಸ್ಟುಡಿಯೊ. ಮದುವೆ, ಗೃಹಪ್ರವೇಶ, ನಾಮಕರಣ ಎಲ್ಲವನ್ನೂ ಈಗ 4ಕೆಯಲ್ಲೇ ಶೂಟ್ ಮಾಡುತ್ತೇವೆ. ಮದುವೆ ಮನೆಯವರಿಗೆ ಆರತಕ್ಷತೆಯ ಮರುದಿನವೇ ಹೈಲೈಟ್ಸ್ ಬೇಕು. ಆ ಕೆಲಸಕ್ಕೆಂದು ಕಟ್ಟಿಸಿದ ಪಿಸಿ ಇದು: ಎಎಂಡಿ ರೈಜನ್ 5 7600, ಬಿ650 ಮದರ್‌ಬೋರ್ಡ್, 16 ಜಿಬಿಯ ಎರಡು ಡಿಡಿಆರ್5 ರ್‍ಯಾಮ್, ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್, 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ, 550 ವಾಟ್ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಪವರ್ ಸಪ್ಲೈ).

ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಮೊದಲು ವಿಚಾರಿಸಿದ ಅಂಗಡಿಯವರು ಬರೆದುಕೊಟ್ಟ ಕೊಟೇಶನ್ ಬೇರೆಯೇ ಇತ್ತು. 12 ಕೋರ್ ಪ್ರೊಸೆಸರ್, ಲಿಕ್ವಿಡ್ ಕೂಲರ್, 850 ವಾಟ್ ಎಸ್‌ಎಂಪಿಎಸ್. ದುಡ್ಡೆಲ್ಲ ಅಲ್ಲೇ ಖರ್ಚಾಗಿ, ರ್‍ಯಾಮ್‌ಗೆ ಉಳಿದದ್ದು ಒಂದೇ 16 ಜಿಬಿ ಸ್ಟಿಕ್! ಒಂಟಿ ಸ್ಟಿಕ್ ಹಾಕಿದರೆ ಬೋರ್ಡಿನಲ್ಲಿ ರ್‍ಯಾಮ್‌ಗೆಂದು ಇರುವ ಎರಡು ಚಾನೆಲ್‌ಗಳಲ್ಲಿ (ಮಾಹಿತಿ ಓಡಾಡುವ ದಾರಿ) ಒಂದು ಸುಮ್ನೆ ಖಾಲಿ ಕೂರುತ್ತದೆ. ಎಡಿಟಿಂಗ್ ಮಾಡುವವರಿಗೆ ಅದು ನೇರ ನಷ್ಟ.

ಲೆಕ್ಕ ಹಾಕಿ ನೋಡಿ. 7600 ಪೂರ್ತಿ ದುಡಿದಾಗಲೂ ಎಳೆಯುವುದು 88 ವಾಟ್ ಸುಮಾರು. 4060 ಕಾರ್ಡಿನದು 115 ವಾಟ್. ಬೋರ್ಡ್, ಫ್ಯಾನ್, ಎಸ್‌ಎಸ್‌ಡಿ ಎಲ್ಲ ಸೇರಿಸಿದರೂ 250ರ ಆಸುಪಾಸು. ಒಳ್ಳೆಯ ಕಂಪನಿಯ 550 ವಾಟ್ ಎಸ್‌ಎಂಪಿಎಸ್ ಧಾರಾಳವಾಗಿ ಸಾಕು. ನಮಗೆ ಇನ್ನೊಂದು ಅನುಕೂಲವೂ ಆಯಿತು. ಮಳೆ ಶುರುವಾದರೆ ನಮ್ಮಲ್ಲಿ ಕರೆಂಟ್ ಹೋಗುವುದು ಮಾಮೂಲು. ಸ್ಟುಡಿಯೊದಲ್ಲಿ ಮೊದಲೇ ಇದ್ದ 1 ಕೆವಿಎ ಯುಪಿಎಸ್ ಈ ಪಿಸಿಯನ್ನೂ ಮಾನಿಟರನ್ನೂ ಆರಾಮಾಗಿ ಹೊರುತ್ತದೆ. ಎಕ್ಸ್‌ಪೋರ್ಟ್ ಅರ್ಧಕ್ಕೆ ನಿಲ್ಲುವ ಭಯವಿಲ್ಲ. ಊರುಗಳಲ್ಲಿ ಕೆಲಸ ಮಾಡುವವರಿಗೆ ಇದು ಕೋರ್‌ಗಳ ಸಂಖ್ಯೆಗಿಂತ ದೊಡ್ಡ ವಿಷಯ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಹೊಂದಾಣಿಕೆ ವಿಷಯಕ್ಕೆ ಬರೋಣ. 7600 ಕೂರುವುದು ಎಎಂ5 ಸಾಕೆಟ್‌ನಲ್ಲಿ. ಅದರಲ್ಲಿ ಡಿಡಿಆರ್5 ಮಾತ್ರ ನಡೆಯುತ್ತದೆ, ಹಳೆ ಪಿಸಿಯ ಡಿಡಿಆರ್4 ಉಪಯೋಗಕ್ಕೆ ಬರುವುದಿಲ್ಲ. 6000 ವೇಗದ ಎರಡು ಸ್ಟಿಕ್‌ಗಳ ಕಿಟ್ ತಗೊಳ್ಳಿ. ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಹಾಕಿ. ಬಯಾಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಪುಟ) ಎಕ್ಸ್‌ಪೋ, ಅಂದರೆ ರ್‍ಯಾಮನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಸೆಟ್ಟಿಂಗ್, ಆನ್ ಮಾಡದಿದ್ದರೆ ನೀವು ದುಡ್ಡು ಕೊಟ್ಟ ವೇಗ ಸಿಗುವುದೇ ಇಲ್ಲ. ‘ಈಗ ಎರಡು, ಆಮೇಲೆ ಇನ್ನೆರಡು’ ಅನ್ನುವ ಲೆಕ್ಕವೂ ಬೇಡ. ನಾಲ್ಕು ಸ್ಟಿಕ್ ಆದರೆ ಈ ಪ್ರೊಸೆಸರ್‌ಗೆ ಎಎಂಡಿ ಹೇಳುವ ವೇಗ 3600ಕ್ಕೆ ಇಳಿಯುತ್ತದೆ. 32 ಜಿಬಿ ಬೇಕಿದ್ದರೆ ಮೊದಲೇ 32 ಜಿಬಿ ಹಾಕಿಸಿ. ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಸ್ಕ್ರೀನ್ ಕಪ್ಪಾಗಿಯೇ ಇರಬಹುದು. ಆಗ ರ್‍ಯಾಮ್ ಟ್ರೇನಿಂಗ್ (ಬೋರ್ಡ್ ಹೊಸ ರ್‍ಯಾಮ್‌ಗೆ ಹೊಂದಿಕೊಳ್ಳುವ ಕೆಲಸ) ನಡೆಯುತ್ತಿರುತ್ತದೆ, ಗಾಬರಿಯಿಂದ ಸ್ವಿಚ್ ಆಫ್ ಮಾಡಬೇಡಿ.

4060 ಕಾರ್ಡಿಗೂ ಬೋರ್ಡಿಗೂ ನಡುವೆ ಮಾಹಿತಿ ಓಡಾಡಲು ಇರುವುದು ಎಂಟೇ ಪಿಸಿಐಇ ಲೇನ್. ಬಿ650ರಲ್ಲಿ ಪಿಸಿಐಇಯ ನಾಲ್ಕನೇ ತಲೆಮಾರಿನ (ಜೆನ್ 4) ಸ್ಲಾಟ್ ಸಿಗುವುದರಿಂದ ತೊಂದರೆ ಇಲ್ಲ. ಜೆನ್ 3 ಮಾತ್ರ ಇರುವ ಹಳೆಯ ಬೋರ್ಡಿಗೆ ಹಾಕಿದರೆ ಆ ದಾರಿಯ ವೇಗ ಅರ್ಧವಾಗುತ್ತದೆ.

ಕೊರತೆಗಳೂ ಇವೆ. ಕಾರ್ಡಿನ 8 ಜಿಬಿ ಮೆಮೊರಿ ಸಾಮಾನ್ಯ ಕಲರ್ ಕರೆಕ್ಷನ್‌ಗೆ ಸಾಕು. ಆದರೆ ಕಡಿಮೆ ಬೆಳಕಿನ ಛತ್ರದಲ್ಲಿ ತೆಗೆದ 4ಕೆ ಕ್ಲಿಪ್‌ಗಳಿಗೆ ನಾಯ್ಸ್ ರಿಡಕ್ಷನ್ ಹಾಕಿದರೆ ಏದುಸಿರು ಬಿಡುತ್ತದೆ. ದಿನವೂ ಅದೇ ಕೆಲಸ ಇರುವವರು 16 ಜಿಬಿ ಕಾರ್ಡ್ ನೋಡಬೇಕು. ಪ್ರೊಸೆಸರ್ ಜೊತೆ ಬರುವ ರೇತ್ ಸ್ಟೆಲ್ತ್ ಕೂಲರ್ ಉದ್ದದ ಎಕ್ಸ್‌ಪೋರ್ಟ್‌ನಲ್ಲಿ ಜಾಸ್ತಿ ಸದ್ದು ಮಾಡುತ್ತದೆ. ಲಿಕ್ವಿಡ್ ಕೂಲರ್ ಬೇಕಿಲ್ಲ, ಸಾಧಾರಣ ಟವರ್ ಕೂಲರ್ ಹಾಕಿಸಿದರೆ ಆಯಿತು. ಕ್ಯಾಬಿನೆಟ್‌ನಲ್ಲಿ ಅದಕ್ಕೆ ಎತ್ತರ ಸಿಗುತ್ತದಾ ಅಂತ ಮಾತ್ರ ಅಳೆದು ನೋಡಿ.

ಇನ್ನೊಂದು ಮಾತು. ಪ್ರೊಸೆಸರನ್ನು ಬಾಕ್ಸ್‌ನಲ್ಲೇ ಕೇಳಿ. ಬಿಡಿಯಾಗಿ ಸಿಗುವ ಟ್ರೇ ಪೀಸ್ ಸ್ವಲ್ಪ ಅಗ್ಗ, ಆದರೆ ಎಎಂಡಿಯ 3 ವರ್ಷದ ವಾರಂಟಿ ಇರುವುದು ಬಾಕ್ಸ್ ಪೀಸ್‌ಗೆ. ಪ್ರತಿ ಭಾಗದ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಕೈಗೆ ಬರುವವರೆಗೆ ಅಂಗಡಿಯಿಂದ ಏಳಬೇಡಿ.