ಧಾರವಾಡದ ಸ್ವಿಂಗ್ ಮತ್ತು ಬ್ಲೂಸ್ ಗಿಟಾರ್ ಶಿಬಿರ: ಮೂರು ದಿನಗಳ ಲೆಕ್ಕ

ಹುಬ್ಬಳ್ಳಿಯ ರಸಮಂಜರಿ ತಂಡಗಳಲ್ಲಿ ಎಂಟು ವರ್ಷ ಗಿಟಾರ್ ನುಡಿಸಿದವನಿಗೆ ಹೊಸದಾಗಿ ಕಲಿಯುವುದು ಏನಿದೆ ಎಂಬ ಸಣ್ಣ ಅಹಂಕಾರದೊಂದಿಗೇ ನಾನು ಧಾರವಾಡದ ಹೊರವಲಯದ ತೋಟದ ಮನೆಯೊಂದರಲ್ಲಿ ಕಳೆದ ತಿಂಗಳು ನಡೆದ ಈ ವಸತಿ ಶಿಬಿರಕ್ಕೆ ಹೋಗಿದ್ದೆ. 1930ರ ದಶಕದ ಕೊನೆಯಿಂದ 1940ರ ದಶಕದವರೆಗಿನ ಅಮೆರಿಕದ ಎಲೆಕ್ಟ್ರಿಕ್ ಗಿಟಾರ್ ವಾದನ, ಅಂದರೆ ಸ್ವಿಂಗ್ (ಓಲಾಡುವ ಲಯದ ಜಾಝ್) ಮತ್ತು ಬ್ಲೂಸ್ (ಅಮೆರಿಕದ ಕಪ್ಪು ಜನರ ಹಾಡುಗಳಿಂದ ಬೆಳೆದ ಸಂಗೀತ), ಅಲ್ಲಿನ ಏಕೈಕ ವಿಷಯ. ಶುಲ್ಕ ಊಟ, ವಸತಿ ಸೇರಿ 6,500 ರೂಪಾಯಿ. ನಾವು ಹದಿನಾಲ್ಕು ಮಂದಿ ಇದ್ದೆವು.

ಮೊದಲ ಸಂಜೆ ಯಾರಿಗೂ ಗಿಟಾರ್ ಮುಟ್ಟಲು ಬಿಡಲಿಲ್ಲ. ಅಮೆರಿಕದ ಜಾಝ್ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ ಅವರ ಧ್ವನಿಮುದ್ರಣಗಳನ್ನು ಕೇಳಿಸುತ್ತ, ಗಿಟಾರಿಗೆ ವಿದ್ಯುತ್ತು ಏಕೆ ಬೇಕಾಯಿತು ಎಂಬುದನ್ನು ಶಿಕ್ಷಕರು ವಿವರಿಸಿದರು. ತುತ್ತೂರಿ, ಸ್ಯಾಕ್ಸೊಫೋನ್, ಡ್ರಮ್ಮುಗಳ ದೊಡ್ಡ ಮೇಳದಲ್ಲಿ ಮರದ ಗಿಟಾರಿನ ಒಂಟಿ ಸ್ವರ ಕೇಳುತ್ತಿರಲಿಲ್ಲವಾದ್ದರಿಂದ ಅದು ತಾಳ ಹಿಡಿಯುವ ಕೆಲಸಕ್ಕೇ ಸೀಮಿತವಾಗಿತ್ತು. ಗಿಬ್ಸನ್ ಸಂಸ್ಥೆ 1936ರಲ್ಲಿ ಇಎಸ್-150 ಎಂಬ ಎಲೆಕ್ಟ್ರಿಕ್ ಗಿಟಾರ್ ಮಾದರಿಯನ್ನು ಮಾರುಕಟ್ಟೆಗೆ ತಂದಿತು. 1939ರಲ್ಲಿ ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ ಅವರ ಸ್ವಿಂಗ್ ತಂಡವನ್ನು ಸೇರಿದ ಕ್ರಿಶ್ಚಿಯನ್ ಅದೇ ವಾದ್ಯದ ಮೇಲೆ ಸ್ಯಾಕ್ಸೊಫೋನಿನಂತೆ ಉದ್ದನೆಯ ಸ್ವರಸಾಲುಗಳನ್ನು ನುಡಿಸಿದರು. 1942ರಲ್ಲಿ ಕ್ಷಯರೋಗದಿಂದ ತೀರಿಕೊಂಡಾಗ ಅವರಿಗೆ ಕೇವಲ 25 ವರ್ಷ. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ಪಿನ ಆಯಸ್ಕಾಂತದ ಮುಂದೆ ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ ಎಂಬ ಪಾಠ ಮುಗಿಯುವ ಹೊತ್ತಿಗೆ, ನೈಲಾನ್ ತಂತಿಯ ಗಿಟಾರ್ ತಂದಿದ್ದ ಗದಗಿನ ಹುಡುಗನ ಮುಖ ಸಪ್ಪಗಾಗಿತ್ತು. ಅವನಿಗೆ ಶಿಬಿರದವರೇ ಒಂದು ವಾದ್ಯವನ್ನು ಒದಗಿಸಿದರು.

ನನ್ನ ಮಟ್ಟಿಗೆ ಕೊಟ್ಟ ಹಣ ವಸೂಲಾದದ್ದು ಎರಡನೆಯ ದಿನ ಮಧ್ಯಾಹ್ನ ಕರೆಂಟು ಹೋದಾಗ. ಎಲೆಕ್ಟ್ರಿಕ್ ಗಿಟಾರಿನ ಶಿಬಿರದಲ್ಲಿ ಎರಡು ಗಂಟೆ ವಿದ್ಯುತ್ತಿಲ್ಲ ಎಂದರೆ ನಗೆಪಾಟಲಾಗಬಹುದಿತ್ತು, ಆದರೆ ಶಿಕ್ಷಕರು ಮರುದಿನದ ಪಾಠವನ್ನು ಆಗಲೇ ಎತ್ತಿಕೊಂಡರು. ಪಿಯಾನೊ ವಾದಕ ಕೌಂಟ್ ಬೇಸಿ ಅವರ ಸ್ವಿಂಗ್ ತಂಡದಲ್ಲಿ 1937ರಿಂದ ಹೆಚ್ಚುಕಡಿಮೆ 50 ವರ್ಷ ಆಂಪ್ಲಿಫೈಯರಿನ ಹಂಗಿಲ್ಲದೆ ತಾಳ ಹಿಡಿದ ಫ್ರೆಡ್ಡಿ ಗ್ರೀನ್ ಅವರ ಶೈಲಿ ಅದು. ಪ್ರತಿ ಅಳತೆಯಲ್ಲಿ (ಬಾರ್) ನಾಲ್ಕು ಪೆಟ್ಟು, ಎಲ್ಲವೂ ಮೇಲಿನಿಂದ ಕೆಳಕ್ಕೆ. ಕಾರ್ಡಿಗೆ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಕ್ಕೆ, ಆರು ತಂತಿಗಳ ಬದಲು ಎರಡೋ ಮೂರೋ ಸ್ವರ ಸಾಕು. ಪೆಟ್ಟು ಬಿದ್ದ ಕೂಡಲೇ ಎಡಗೈ ಸಡಿಲಿಸಿ ನಾದವನ್ನು ಮೊಟಕುಗೊಳಿಸಬೇಕು. ಎರಡನೆಯ ಮತ್ತು ನಾಲ್ಕನೆಯ ಪೆಟ್ಟಿಗೆ ಒಂದು ಗುಲಗಂಜಿಯಷ್ಟು ತೂಕ ಹೆಚ್ಚು. ಕೇಳಲು ಇಷ್ಟೇ. ಆದರೆ ಇಪ್ಪತ್ತು ನಿಮಿಷ ಲಯ ಜಾರದಂತೆ ಹದಿನಾಲ್ಕು ಕೈಗಳು ಒಟ್ಟಿಗೆ ಇದನ್ನು ಮಾಡುವಷ್ಟರಲ್ಲಿ, ಎಂಟು ವರ್ಷ ನಾನು ನನ್ನ ತಾಳದ ತಪ್ಪುಗಳನ್ನು ಕೀಬೋರ್ಡ್ ಮತ್ತು ರಿದಮ್ ಪ್ಯಾಡುಗಳ ಮರೆಯಲ್ಲಿ ಬಚ್ಚಿಟ್ಟಿದ್ದೆ ಎಂಬುದು ನನಗೇ ತಿಳಿಯಿತು.

ಕಲಿಸುವ ಕ್ರಮವೂ ಈ ಊರಿಗೆ ಒಪ್ಪುವಂಥದ್ದು. ಯಾವುದೇ ಸ್ವರಸಾಲನ್ನು ಕಾಗದದಲ್ಲಿ ಕೊಡಲಿಲ್ಲ. "ಮೊದಲ ಹಾಡ್ರಿ, ಆಮ್ಯಾಲ ಬಾರಸ್ರಿ" ಎಂಬುದು ಶಿಕ್ಷಕರ ಮಾತು. ಹಾಡಲು ಬಾರದ ಸಾಲು ಬೆರಳಿಗೆ ಬಂದರೂ ಅವರು ಅದನ್ನು ಒಪ್ಪಿಕೊಳ್ಳುತ್ತಿರಲಿಲ್ಲ. ಸ್ವಿಂಗಿನ ಓಲಾಟವನ್ನು, ಒಂದು ಮಾತ್ರೆಯನ್ನು ಮೂರು ಪಾಲು ಮಾಡಿ ಮೊದಲ ಸ್ವರಕ್ಕೆ ಎರಡು ಪಾಲು, ಎರಡನೆಯದಕ್ಕೆ ಒಂದು ಪಾಲು ಕೊಡುವುದಾಗಿ ತಿಸ್ರದ ಮೂಲಕ ಹೇಳಿಕೊಟ್ಟರು. ವೇಗ ಏರಿದಂತೆ ಈ ಅಂತರ ಕುಗ್ಗಿ ಸ್ವರಗಳು ಸರಿಸಮವಾಗುತ್ತ ಹೋಗುತ್ತವೆ ಎಂದು ಎಚ್ಚರಿಸಲೂ ಮರೆಯಲಿಲ್ಲ. ಹನ್ನೆರಡು ಅಳತೆಗಳ ಬ್ಲೂಸ್ ಎಂದಾಗ ನಾನು ಏಕತಾಲದ 12 ಮಾತ್ರೆಗಳನ್ನು ನೆನೆದು ಎಡವಿದೆ. ಇಲ್ಲಿ ಒಂದೊಂದು ಅಳತೆಗೆ ನಾಲ್ಕರಂತೆ ಒಂದು ಆವರ್ತನಕ್ಕೆ 48 ಪೆಟ್ಟುಗಳಾಗುತ್ತವೆ. ಬ್ಲೂಸಿನ ಗಾಂಧಾರ ಕೋಮಲಕ್ಕೂ ಶುದ್ಧಕ್ಕೂ ನಡುವೆ ತೂಗಾಡುತ್ತದೆ. ನಮ್ಮಲ್ಲೊಬ್ಬರು ಇದು ದರ್ಬಾರಿ ರಾಗದ ಗಾಂಧಾರವೇ ಎಂದು ವಾದಿಸಿದರು. ಮಲ್ಲಿಕಾರ್ಜುನ ಮನ್ಸೂರರ ಊರಿನಲ್ಲಿ ಇಂಥ ಹೋಲಿಕೆಗೆ ತಲೆದೂಗುವವರು ಬಹಳ, ಆದರೆ ಶಿಕ್ಷಕರು ಒಪ್ಪಲಿಲ್ಲ: ದರ್ಬಾರಿಯಲ್ಲಿ ಸ್ವರ ಕೋಮಲದ ನೆಲೆಯಲ್ಲೇ ಆಂದೋಲನಗೊಳ್ಳುತ್ತದೆ, ಬ್ಲೂಸಿನಲ್ಲಿ ಶುದ್ಧ ಗಾಂಧಾರವಿರುವ ಕಾರ್ಡಿನ ಮೇಲೆಯೇ ಕೋಮಲ ಸ್ವರ ಬಂದು ಒರಸುತ್ತದೆ ಎಂದು ಎರಡನ್ನೂ ನುಡಿಸಿ ತೋರಿಸಿದರು. ಆ ಹತ್ತು ನಿಮಿಷಕ್ಕಾಗಿಯೇ ಇನ್ನೊಮ್ಮೆ ಹೋಗಬಹುದು.

ಕೊರತೆಗಳೂ ಇದ್ದವು. ಹದಿನಾಲ್ಕು ಮಂದಿಗೆ ಐದೇ ಆಂಪ್ಲಿಫೈಯರುಗಳಿದ್ದುದರಿಂದ ಸರದಿ ಕಾಯುವುದರಲ್ಲಿ ಸಾಕಷ್ಟು ಹೊತ್ತು ಹೋಯಿತು. ಮನ್ಸೂರರು ಹುಟ್ಟಿದ 1910ರಲ್ಲೇ ಹುಟ್ಟಿದ ಟಿ-ಬೋನ್ ವಾಕರ್ ಅವರ ಬ್ಲೂಸ್ ವಾದನಕ್ಕೆ ಕೊನೆಯ ದಿನದ ಅರ್ಧ ಬೆಳಗು ಮಾತ್ರ ಮಿಕ್ಕಿತ್ತು. ಒಂಬತ್ತನೆಯ ಸ್ವರ ಸೇರಿದ ಕಾರ್ಡುಗಳನ್ನು ಅವರು ಜಾರಿಸುವ ರೀತಿ, ಹಾಡಿನ ಸಾಲಿಗೆ ಗಿಟಾರಿನಿಂದ ಉತ್ತರ ಕೊಡುವ ರೀತಿ ಎಲ್ಲವೂ ಅವಸರದಲ್ಲಿ ತೇಲಿಹೋದವು. ಕಪ್ಪು ಜನರ ಬದುಕಿನಿಂದ ಈ ಸಂಗೀತ ಮೂಡಿದ ಬಗೆಗೆ ಒಂದೆರಡು ವಾಕ್ಯಗಳಿಗಿಂತ ಹೆಚ್ಚು ಹೇಳದಿದ್ದುದು ನನಗೆ ಸರಿಯೆನಿಸಲಿಲ್ಲ. ಊಟದ ಬಗ್ಗೆ ದೂರಿಲ್ಲ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ತಿಂದ ಮೇಲಿನ ತರಗತಿಯಲ್ಲಿ ಕಣ್ಣು ತೆರೆದಿರುವುದೇ ಕಷ್ಟವಾಗಿತ್ತು.

ಕಾರ್ಡು ಬದಲಿಸಲು ಇನ್ನೂ ಬೆರಳು ನೋಡಬೇಕಾದವರು ಆರು ತಿಂಗಳು ಮನೆಯಲ್ಲಿ ಅಭ್ಯಾಸ ಮಾಡಿ ಹೋಗುವುದು ಒಳಿತು. ಉಳಿದವರು ಗಿಟಾರಿನ ಧ್ವನಿ ಬದಲಿಸುವ ಪೆಡಲುಗಳನ್ನು ಮನೆಯಲ್ಲೇ ಬಿಟ್ಟು, ವಾದ್ಯಕ್ಕೆ 12 ಗೇಜಿನ ದಪ್ಪ ತಂತಿ ಹಾಕಿಸಿಕೊಂಡು, ಸಾಧ್ಯವಾದರೆ ಒಂದು ಸಣ್ಣ ಆಂಪ್ಲಿಫೈಯರನ್ನೂ ಜೊತೆಗೆ ಒಯ್ಯಲಿ.