ಬಿದ್ದುಹೋದ ತೀರ್ಪನ್ನು ಯಾವುದು ಹಿಡಿದುಕೊಡುತ್ತದೆ? ಆರ್ಬಿಟ್ರೇಷನ್ ಹುಡುಕಾಟಕ್ಕೆ ಇರುವ ತಾಣಗಳ ಹೋಲಿಕೆ

ಎಲ್ಲ ತಾಣಗಳಿಗೂ ಇಟ್ಟ ಪ್ರಶ್ನೆ ಒಂದೇ: ಮುದ್ರಾಂಕ ಶುಲ್ಕ ಕಟ್ಟದ ಕರಾರಿನಲ್ಲಿರುವ ಆರ್ಬಿಟ್ರೇಷನ್ ಷರತ್ತು, ಅಂದರೆ ವ್ಯಾಜ್ಯವನ್ನು ಕೋರ್ಟಿನ ಬದಲು ಮಧ್ಯಸ್ಥಗಾರರ ಮುಂದೆ ತೀರಿಸಿಕೊಳ್ಳುವ ಒಪ್ಪಂದ, ನಿಲ್ಲುತ್ತದೆಯೇ? 2023ರ ಏಪ್ರಿಲ್ 25ರಂದು ಎನ್.ಎನ್. ಗ್ಲೋಬಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ 3:2ರಲ್ಲಿ ‘ಇಲ್ಲ’ ಎಂದಿತು. ಅದೇ ಡಿಸೆಂಬರ್ 13ಕ್ಕೆ ಏಳು ಮಂದಿಯ ಪೀಠ ಅದನ್ನು ತಳ್ಳಿಹಾಕಿತು. ಶುಲ್ಕದ ಕೊರತೆ ಸರಿಪಡಿಸಬಹುದಾದ ದೋಷ ಎಂದಿತು. ಎಂಟು ತಿಂಗಳೂ ಬದುಕದ ಕಾನೂನು. ಹುಡುಕುವವರು ಎಡವಲು ಇದಕ್ಕಿಂತ ಒಳ್ಳೆಯ ಜಾಗ ಸಿಗದು.

ಇಂಡಿಯನ್ ಕಾನೂನ್ ಪುಕ್ಕಟೆ, ವೇಗವೂ ಇದೆ. ಆದರೆ ತೀರ್ಪಿನ ನೆತ್ತಿಯ ಮೇಲೆ ‘ಇದು ರದ್ದಾಗಿದೆ’ ಎಂದು ಬರೆದಿಡುವ ಸಂಪಾದಕರು ಅಲ್ಲಿಲ್ಲ. ‘ಸೈಟೆಡ್ ಬೈ’ (ಈ ತೀರ್ಪನ್ನು ಉಲ್ಲೇಖಿಸಿದ ಬೇರೆ ತೀರ್ಪುಗಳು) ಒತ್ತಿ, ಇತ್ತೀಚಿನವು ಮೊದಲು ಬರುವಂತೆ ಜೋಡಿಸಿ, ಸುಪ್ರೀಂ ಕೋರ್ಟಿನವನ್ನಷ್ಟೇ ಸೋಸಿಕೊಂಡು ನೀವೇ ಓದಬೇಕು. ಇನ್ನೊಂದು ಕಿರಿಕಿರಿ: ಪದಗಳನ್ನು ಕೂಡಿಸುವ ‘ಆ್ಯಂಡ್’ಗೆ ಕೊನೆಯ ಡಿ ಎರಡು ಸಲ, ‘ಆರ್’ಗೆ ಕೊನೆಯ ಅಕ್ಷರ ಎರಡು ಸಲ, ‘ನಾಟ್’ಗೆ ಟಿ ಎರಡು ಸಲ, ಎಲ್ಲವೂ ದೊಡ್ಡಕ್ಷರದಲ್ಲಿ. ಮಾಮೂಲಿನಂತೆ ಬರೆದರೆ ಅದೂ ಒಂದು ಪದವೆಂದೇ ಲೆಕ್ಕ.

ದುಡ್ಡು ಕೊಟ್ಟು ಬಳಸುವ ಎಸ್‌ಸಿಸಿ ಆನ್‌ಲೈನ್ ಮತ್ತು ಮನುಪಾತ್ರ ಗೆಲ್ಲುವುದು ಇಲ್ಲೇ. ಮುಂದಿನ ಪೀಠ ತೀರ್ಪನ್ನು ಒಪ್ಪಿತೋ, ಬದಿಗಿಟ್ಟಿತೋ, ಓವರ್‌ರೂಲ್ ಮಾಡಿತೋ ಎಂಬ ಗುರುತು ಒಂದೇ ನೋಟಕ್ಕೆ ಸಿಗುತ್ತದೆ. ಆದರೂ ಎಸ್‌ಸಿಸಿಯಲ್ಲಿ ಒಂದು ಬಲೆಯಿದೆ. ಅಲ್ಲಿನ ಪ್ಯಾರಾ ಸಂಖ್ಯೆ ಎಷ್ಟೋ ಸಲ ಮೂಲ ತೀರ್ಪಿನ ಸಂಖ್ಯೆಗೆ ಹೊಂದುವುದಿಲ್ಲ, ಏಕೆಂದರೆ ಸಂಪಾದಕರು ಹೊಸದಾಗಿ ಎಣಿಸುತ್ತಾರೆ. ಮೆಮೊದಲ್ಲಿ ಎಸ್‌ಸಿಸಿಯ ಪ್ಯಾರಾ ಬರೆದು, ಕೋರ್ಟಿಗೆ ಸುಪ್ರೀಂ ಕೋರ್ಟಿನ ಜಾಲತಾಣದ ಪ್ರತಿ ಕೊಟ್ಟರೆ ನ್ಯಾಯಾಧೀಶರು ತೆರೆದ ಪುಟದಲ್ಲಿ ಬೇರೇನೋ ಇರುತ್ತದೆ. ಯಾವ ಪ್ರತಿ ಕೊಡುತ್ತೀರೋ ಅದರ ಸಂಖ್ಯೆಯನ್ನೇ ಹಾಕಿ. ತೀರ್ಪಿನ ಮೇಲೆ ಸಂಪಾದಕರು ಬರೆದಿಡುವ ಸಾರಾಂಶವಾದ ಹೆಡ್‌ನೋಟನ್ನು ಉದ್ಧರಿಸಬೇಡಿ, ಅದು ನ್ಯಾಯಾಲಯದ ಮಾತಲ್ಲ.

ಕಲಮುಗಳ ಪಠ್ಯಕ್ಕೆ ಸರ್ಕಾರದ ಕಾಯ್ದೆಗಳ ತಾಣ ಇಂಡಿಯಾ ಕೋಡ್ ಸಾಕು, ಅಡಿಟಿಪ್ಪಣಿ ಬಿಡದೆ ಓದುವ ತಾಳ್ಮೆಯಿದ್ದರೆ. 2019ರ ತಿದ್ದುಪಡಿ ಕಾಯ್ದೆ 1996ರ ಆರ್ಬಿಟ್ರೇಷನ್ ಕಾಯ್ದೆಯ 11(6ಎ) ಉಪಕಲಮನ್ನು (ಮಧ್ಯಸ್ಥಗಾರರನ್ನು ನೇಮಿಸುವಾಗ ಕೋರ್ಟು ಆರ್ಬಿಟ್ರೇಷನ್ ಒಪ್ಪಂದ ಇದೆಯೇ ಎಂಬುದನ್ನಷ್ಟೇ ನೋಡಬೇಕು ಎನ್ನುವುದು) ಕಿತ್ತುಹಾಕಿತು. ಆದರೆ ಆ ಭಾಗ ಜಾರಿಗೆ ಬಂದಿಲ್ಲವೆಂದು ಏಳು ಮಂದಿಯ ಪೀಠವೇ ಹೇಳಿದೆ. ಕಾಯ್ದೆಯ ಪಠ್ಯವನ್ನಷ್ಟೇ ಮುದ್ರಿಸುವ ಕೆಲವು ಬೇರ್ ಆ್ಯಕ್ಟ್ ಪುಸ್ತಕಗಳನ್ನು ಆತುರದಲ್ಲಿ ತಿರುವಿದರೆ ಅದು ಹೋಯಿತೆಂದೇ ಅನಿಸುತ್ತದೆ.

ಹೊರದೇಶದ ತೀರ್ಪುಗಳಿಗೆ ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗವಾದ ಅನ್‌ಸಿಟ್ರಾಲ್‌ನ ತೀರ್ಪು ಸಂಗ್ರಹ ಕ್ಲೌಟ್ ಉಚಿತ. ನಮ್ಮ 1996ರ ಕಾಯ್ದೆ ಅದೇ ಆಯೋಗದ 1985ರ ಮಾದರಿ ಕಾನೂನನ್ನು ಅನುಸರಿಸಿದ್ದರಿಂದ 7, 8, 9, 16, 34 ಎರಡೂ ಕಡೆ ಅದೇ ವಿಷಯಕ್ಕೆ ಅದೇ ಸಂಖ್ಯೆ. ವಿಧಿಯ ಸಂಖ್ಯೆ ಕೊಟ್ಟೇ ಹುಡುಕಬಹುದು. ಪಠ್ಯ ಮಾತ್ರ ಹೋಲಿಸಿಕೊಳ್ಳಿ: 2015ರಲ್ಲಿ ನಾವು ಸೇರಿಸಿದ 34(2ಎ) ಮಾದರಿಯಲ್ಲಿಲ್ಲ. ಕ್ಲೌಟ್ ಕೊಡುವುದು ಸಾರಾಂಶ. ಪೂರ್ತಿ ತೀರ್ಪಿಗೆ ಆಯಾ ದೇಶದ ನ್ಯಾಯಾಲಯದ ತಾಣಕ್ಕೇ ಹೋಗಬೇಕು. ಕಂಪ್ಯೂಟರುಗಳು ತಾವೇ ಮಾಡಿಕೊಂಡ ಕರಾರಿನಂಥ ಹೊಸ ವಿಷಯಕ್ಕಂತೂ ಮೊದಲೇ ಸಿಂಗಪುರದ ಕಡೆ ಹೋಗುವುದು ಲೇಸು. ತಪ್ಪು ತಿಳಿವಳಿಕೆ ಇತ್ತೇ ಎಂದು ನೋಡಲು ಪ್ರೋಗ್ರಾಂ ಬರೆದವರ ಮನಸ್ಸಿನಲ್ಲಿ ಏನಿತ್ತು ಎಂಬುದನ್ನೇ ಹಿಡಿಯಬೇಕು ಎಂದ 2020ರ ಕ್ವೊಯಿನ್ ವಿರುದ್ಧ ಬಿ2ಸಿ2 ತೀರ್ಪು ಅಲ್ಲಿನದೇ.

ಇನ್ನು ಚಾಟ್‌ಬಾಟ್‌ಗಳು. ಯಾವ ಪದ ಹಾಕಿ ಹುಡುಕಬೇಕೆಂದು ಕೇಳಿಕೊಳ್ಳಲು ಸೊಗಸು, ಸೈಟೇಶನ್‌ಗೆ, ಅಂದರೆ ತೀರ್ಪಿನ ಉಲ್ಲೇಖಕ್ಕೆ, ಅಪಾಯ. ಬೆಂಗಳೂರಿನ ಸಿವಿಲ್ ಕೋರ್ಟೊಂದರ ಆದೇಶದಲ್ಲಿ ಇಲ್ಲದ ಸುಪ್ರೀಂ ಕೋರ್ಟ್ ತೀರ್ಪುಗಳು ಸೇರಿದ್ದನ್ನು ಕರ್ನಾಟಕ ಹೈಕೋರ್ಟ್ 2025ರ ಮಾರ್ಚಿನಲ್ಲಿ ಗಂಭೀರವಾಗಿ ತೆಗೆದುಕೊಂಡಿತು. ಯಂತ್ರ ಕೊಟ್ಟದ್ದು ಸುಪ್ರೀಂ ಕೋರ್ಟಿನ ತೀರ್ಪಾಗಿದ್ದರೆ ಅದರ ತಟಸ್ಥ ಸೈಟೇಶನ್ (ಯಾವ ಪ್ರಕಾಶಕರದ್ದೂ ಅಲ್ಲದೆ ಕೋರ್ಟೇ ಕೊಟ್ಟ ಸಂಖ್ಯೆ) ಕೇಳಿ, ಉದಾಹರಣೆಗೆ ಏಳು ಮಂದಿಯ ಪೀಠದ್ದು 2023 ಐಎನ್‌ಎಸ್‌ಸಿ 1066, ಮತ್ತು ಸುಪ್ರೀಂ ಕೋರ್ಟಿನ ಉಚಿತ ತೀರ್ಪು ತಾಣವಾದ ಡಿಜಿ ಎಸ್‌ಸಿಆರ್‌ನಲ್ಲಿ ಹಾಕಿ. ಪಕ್ಷಗಾರರ ಹೆಸರು, ದಿನಾಂಕ, ಪೀಠ ಮೂರೂ ತಾಳೆಯಾದರೆ ಮಾತ್ರ ಓದಲು ಕೂರಿ.