ಡಿಫೆನ್ಸ್ ಆಡುವ ಮಕ್ಕಳ ವಿಡಿಯೊ ನೋಡಿ ಬರೆದುಕೊಡುವ ವರದಿ: ತಗೊಳ್ಳಿ, ಕೊನೇ ಪುಟ ಬಿಟ್ಟು

ಟೊರೊಂಟೊ ಕಡೆ ಮಕ್ಕಳನ್ನು ಐಸ್ ಹಾಕಿಗೆ ಸೇರಿಸಿರುವ ನಮ್ಮವರು ಕೆಲವರು ಕೇಳಿದ್ದರಿಂದ ಬರೆಯುತ್ತಿದ್ದೇನೆ. ಆಟದ ವಿಡಿಯೊ ಕಳಿಸಿದರೆ, ನಿಮ್ಮ ಹುಡುಗನ ಆಟ ಹೇಗಿದೆ ಅಂತ ಬರೆದುಕೊಡುವ ಸೇವೆ ಇದು. ನನ್ನ ಮಗನಿಗೆ 13 ವರ್ಷ, ಡಿಫೆನ್ಸ್ ಆಡುತ್ತಾನೆ. ಎರಡು ಪಂದ್ಯ ಕಳಿಸಿದ್ದೆವು. ಕೊಟ್ಟ ದುಡ್ಡು ಒಂದು ಒಳ್ಳೆ ಸ್ಟಿಕ್‌ನ ಬೆಲೆಗಿಂತ ಕಡಿಮೆ, ಸಿಕ್ಕಿದ್ದು ಮಾತ್ರ ಜಾಸ್ತಿ.

ಫಾರ್ವರ್ಡ್ ಆಡುವ ಹುಡುಗನನ್ನು ಗೋಲು, ಅಸಿಸ್ಟ್ (ಗೋಲಿಗೆ ದಾರಿ ಮಾಡಿಕೊಟ್ಟ ಪಾಸ್) ನೋಡಿ ಒಂದು ಮಟ್ಟಿಗೆ ಅಳೆಯಬಹುದು. ಡಿಫೆನ್ಸ್‌ನವನು ಕೆಲಸ ಸರಿಯಾಗಿ ಮಾಡಿದರೆ ಅಲ್ಲಿ ಏನೂ ಆಗುವುದೇ ಇಲ್ಲ, ಅದನ್ನು ಯಾರೂ ಬರೆದಿಡುವುದಿಲ್ಲ. ಈ ಸೇವೆಯವರು ನೋಡಿರುವುದು ಪಕ್ (ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ) ಸಿಗುವ ಮುಂಚೆ ಹುಡುಗ ಏನು ಮಾಡುತ್ತಾನೆ ಅನ್ನುವುದನ್ನು. ಎದುರಾಳಿ ಪಕ್ಕನ್ನು ಮೂಲೆಗೆ ಹೊಡೆದಾಗ ನನ್ನ ಮಗ ಹಿಂದೆ ಹೋಗಿ ತರಬೇಕು. ಹೋಗುವಾಗ ಒಂದೇ ಸಲ ಹೆಗಲ ಮೇಲಿಂದ ತಿರುಗಿ ನೋಡುತ್ತಾನೆ, ಅದೂ ತುಂಬ ಮುಂಚೆ, ಪಕ್ ಮುಟ್ಟುವ ಹೊತ್ತಿಗೆ ಬೆನ್ನಟ್ಟಿ ಬಂದವನು ಇನ್ನೊಂದು ಕಡೆಗೆ ಸರಿದಿರುತ್ತಾನೆ, ಇವನು ಗಾಬರಿಯಲ್ಲಿ ಬೋರ್ಡಿನ (ಅಂಗಳದ ಸುತ್ತಲಿನ ಗೋಡೆ) ಗುಂಟ ಎತ್ತಲೋ ಹೊಡೆದುಬಿಡುತ್ತಾನೆ. ಎರಡನೇ ಸಲ ನೋಡಬೇಕಿತ್ತು ಅಂತ, ವಿಡಿಯೊದ ನಿಮಿಷ ಸಮೇತ ಗುರುತು ಹಾಕಿದ್ದಾರೆ.

ಗ್ಯಾಪ್, ಅಂದರೆ ಎದುರಾಳಿಗೂ ಡಿಫೆನ್ಸ್‌ನವನಿಗೂ ನಡುವಿನ ಅಂತರದ ಬಗ್ಗೆ ಬರೆದಿದ್ದು ಇನ್ನೂ ಚೆನ್ನಾಗಿದೆ. ಎದುರಾಳಿ ಪಕ್ ತಗೊಂಡು ಬರುವಾಗ ಇವನು ಬ್ಲೂ ಲೈನ್ (ನಮ್ಮ ಕಡೆಯ ಭಾಗ ಶುರುವಾಗುವ ಗೆರೆ) ಬಿಟ್ಟುಕೊಟ್ಟು ಹಿಂದೆ ಹಿಂದೆ ಹೋಗುತ್ತಾನೆ. ಹುಡುಗ ಹೆದರುತ್ತಾನೆ ಅಂತ ಹಳೇ ಕೋಚ್ ಹೇಳುತ್ತಲೇ ಇದ್ದರು. ವರದಿಯಲ್ಲಿ ಬೇರೆಯೇ ಇದೆ: ಹಿಮ್ಮುಖವಾಗಿ ಸ್ಕೇಟ್ ಮಾಡುತ್ತಿರುವಾಗ ಎಡಕ್ಕೆ ತಿರುಗಿ ಮುಂದಕ್ಕೆ ಓಡುವುದು ಅವನಿಗೆ ನಿಧಾನ, ಅದಕ್ಕೇ ಮೊದಲೇ ಜಾಗ ಬಿಟ್ಟುಕೊಡುತ್ತಾನೆ. ಹೆದರಿಕೆ ಅಂದರೆ ಮಗು ಏನು ಮಾಡಬೇಕು ಹೇಳಿ? ಎಡಕ್ಕೆ ತಿರುಗುವುದನ್ನಾದರೆ ದಿನಾ ಅಭ್ಯಾಸ ಮಾಡಬಹುದು, ಅಲ್ವಾ?

ಇನ್ನು ಕೊನೇ ಪುಟ. ಅಲ್ಲಿ ಹತ್ತಕ್ಕೆ ಇಷ್ಟು ಅಂತ ಅಂಕ, ಮುಂದೆ ಯಾವ ಲೀಗ್‌ವರೆಗೆ ಹೋಗಬಹುದು ಅಂತ ಭವಿಷ್ಯ. ಇದನ್ನು ತೆಗೆದುಹಾಕಿ ಅಂತ ಅವರಿಗೂ ಬರೆದಿದ್ದೇನೆ. ಎನ್‌ಎಚ್‌ಎಲ್ (ಅಮೆರಿಕ-ಕೆನಡಾದ ದೊಡ್ಡ ಲೀಗ್) ಡ್ರಾಫ್ಟ್‌ಗೆ, ಅಂದರೆ ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವುದಕ್ಕೆ, ಹುಡುಗರು ಸಾಮಾನ್ಯವಾಗಿ 18ರ ಆಸುಪಾಸಿನಲ್ಲಿ ಬರುತ್ತಾರೆ, ಅವರನ್ನು ಪ್ರತಿಭೆ ಹುಡುಕುವ ಎಷ್ಟೋ ಸ್ಕೌಟ್‌ಗಳು ನೋಡಿರುತ್ತಾರೆ. ಆದರೂ 1989ರಲ್ಲಿ ನಿಕ್ಲಾಸ್ ಲಿಡ್‌ಸ್ಟ್ರೋಮ್ ಆಯ್ಕೆಯಾಗಿದ್ದು 53ನೆಯವರಾಗಿ, ಮುಂದೆ ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಟ್ರೋಫಿಯನ್ನು 7 ಸಲ ಗೆದ್ದರು. ಆಡಮ್ ಫಾಕ್ಸ್ 2016ರಲ್ಲಿ 66ನೆಯವರು, 2021ರಲ್ಲಿ ಅದೇ ಟ್ರೋಫಿ. ಮೈಕಟ್ಟು ಚಿಕ್ಕದಾದ ಲೇನ್ ಹಟ್ಸನ್ 2022ರಲ್ಲಿ 62ನೆಯವರು, 2025ರಲ್ಲಿ ಹೊಸ ಆಟಗಾರರ ಕ್ಯಾಲ್ಡರ್ ಟ್ರೋಫಿ. 18ರಲ್ಲೇ ಅಂದಾಜು ಇಷ್ಟು ತಪ್ಪುವಾಗ 13ರ ಹುಡುಗನ ಬಗ್ಗೆ ಯಾರು ಏನು ಹೇಳಲು ಸಾಧ್ಯ? ಅದರ ಮೇಲೆ ಇಲ್ಲಿ ವಯಸ್ಸಿನ ಗುಂಪು ಜನವರಿ 1ರಿಂದ ಲೆಕ್ಕ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ತಂಡ, ನಡುವೆ ಹೆಚ್ಚುಕಡಿಮೆ ಒಂದು ವರ್ಷದ ಬೆಳವಣಿಗೆ. ಮೈಗೆ ಮೈ ತಾಗಿಸುವ ಆಟ ಶುರುವಾಗುವುದೂ ಈ ವಯಸ್ಸಿನಲ್ಲೇ, ಆಗ ಬೇಗ ಬೆಳೆದ ಹುಡುಗನೇ ಜಾಣನಂತೆ ಕಾಣುತ್ತಾನೆ. ಹುಟ್ಟಿದ ತಿಂಗಳು, ಎತ್ತರ ಎರಡನ್ನೂ ಕೇಳದೆ ಅಂಕ ಕೊಡುವುದು ಸರಿಯಲ್ಲ. ನಾನು ಆ ಪುಟ ಮಗನಿಗೆ ತೋರಿಸಲಿಲ್ಲ.

ಹತ್ತು ವರ್ಷದೊಳಗಿನ ಮಕ್ಕಳಿಗೆ ಇದು ಬೇಡ, ಸುಮ್ನೆ ಆಡಲಿ. ದೊಡ್ಡವರಿಗಾದರೆ ಬಲವಾದ ತಂಡದ ಎದುರು ಆಡಿದ ಪಂದ್ಯವನ್ನೇ ಕಳಿಸಿ, ಸುಲಭದ ಪಂದ್ಯದಲ್ಲಿ ಡಿಫೆನ್ಸ್‌ನವನಿಗೆ ಕೆಲಸವೇ ಇರುವುದಿಲ್ಲ. ವಿಡಿಯೊ ತೆಗೆಯುವಾಗ ಪಕ್ ಹಿಂದೆ ಫೋನ್ ಓಡಿಸಬೇಡಿ. ಗ್ಯಾಲರಿಯ ಮೇಲಿನ ಸಾಲಿನಲ್ಲಿ ನಿಂತು, ನಿಮ್ಮ ಹುಡುಗ ಯಾವಾಗಲೂ ಚೌಕಟ್ಟಿನೊಳಗೆ ಇರುವ ಹಾಗೆ ತೆಗೆಯಿರಿ.